107 ದಿನ ಬಾಳಿದ ಶಕೆ: ತೆಂಪ್ಯೋ-ಕಂಪೋ ತಾರೀಖು ಬಿಡಿಸುವುದು ಹೇಗೆ

ಮೊದಲು ಈ ಸಾಲು ನೋಡಿ.

"ತೆಂಪ್ಯೋ-ಕಂಪೋ ಮೊದಲ ವರ್ಷ, ಉರೂ ಐದನೇ ತಿಂಗಳು, 20ನೇ ದಿನ."

ಇದು ನಾನು ಕಟ್ಟಿದ್ದಲ್ಲ. ಜಪಾನಿನ ಶೋಮು ಚಕ್ರವರ್ತಿ ದೇವಾಲಯಗಳಿಗೆ ಬಟ್ಟೆ, ಅಕ್ಕಿ, ಜಮೀನು ದತ್ತಿ ಬಿಟ್ಟ ಅಪ್ಪಣೆಪತ್ರದ ತಾರೀಖು. ಪತ್ರ ಈಗಲೂ ಇದೆ. ಶಿಜುವೊಕಾ ಪ್ರಾಂತ್ಯದ ಹೇದೆನ್‌ಜಿ ಎಂಬ ದೇವಾಲಯದ ಸ್ವತ್ತು, ದೇಶದ ರಾಷ್ಟ್ರೀಯ ನಿಧಿ. ನಾನು ಮೊದಲ ಸಲ ಈ ತಾರೀಖನ್ನು ಬಿಡಿಸಲು ಕೂತಾಗ ಮೂರು ತಪ್ಪು ಮಾಡಿದೆ. ಕೈಲಿದ್ದ ಶಕೆಗಳ ಪಟ್ಟಿಯಲ್ಲಿ ಈ ಹೆಸರೇ ಇರಲಿಲ್ಲ, ಹಾಗಾಗಿ ಮುದ್ರಣದೋಷ ಇರಬೇಕು ಅಂದುಕೊಂಡೆ. ಐದನೇ ತಿಂಗಳು ಅಂದರೆ ಮೇ ಅಂದುಕೊಂಡೆ. "ಉರೂ" ಅನ್ನುವುದು ಯಾವುದೋ ಊರಿನ ಹೆಸರು ಅಂದುಕೊಂಡೆ. ಮೂರೂ ತಪ್ಪು.

ನೀವು ಆ ತಪ್ಪು ಮಾಡದೇ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಈ ಒಂದು ತಾರೀಖು ಬಿಡಿಸಲು ಬಂದರೆ ಹಳೇ ಜಪಾನಿನ ಬೇರೆ ಯಾವ ತಾರೀಖೂ ಕಷ್ಟ ಅನ್ನಿಸುವುದಿಲ್ಲ, ಯಾಕೆಂದರೆ ಬರಬಹುದಾದ ತೊಡಕುಗಳೆಲ್ಲ ಇದೊಂದರಲ್ಲೇ ಬಂದು ಕೂತಿವೆ.

ಮೊದಲು ಒಂದು ಮೂಲ ವಿಷಯ. ನಮ್ಮ ಶಾಲಿವಾಹನ ಶಕೆ ನಿಲ್ಲದೆ ಓಡುವ ಮೀಟರ್. ಬಾದಾಮಿಯ ಮೂರನೇ ಗುಹೆಯ ಶಾಸನದಲ್ಲಿ ರಾಜನ ಆಳ್ವಿಕೆಯ 12ನೇ ವರ್ಷ ಅಂತಲೂ ಇದೆ, ಶಕ 500 ಅಂತಲೂ ಇದೆ. ರಾಜ ಯಾರು ಅಂತ ಗೊತ್ತಿಲ್ಲದಿದ್ದರೂ 500ಕ್ಕೆ 78 ಕೂಡಿಸಿ ಕ್ರಿ.ಶ. 578 ಅನ್ನಬಹುದು. ಜಪಾನಿನಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿಯ ನೆಂಗೋ, ಅಂದರೆ ಶಕೆಯ ಹೆಸರು, ಆಟೋ ಮೀಟರ್ ಇದ್ದ ಹಾಗೆ. ಹೊಸ ಸವಾರಿ ಬಂದಾಗಲೆಲ್ಲ ಮತ್ತೆ ಮೊದಲಿನಿಂದ. ಮೊದಲ ನೆಂಗೋ 645ರ ತಾಯ್ಕಾ. ಮಧ್ಯೆ ಒಂದಷ್ಟು ವರ್ಷ ಹೆಸರೇ ಇರಲಿಲ್ಲ. 701ರ ತಾಯ್ಹೋದಿಂದ ಇವತ್ತಿನ ರೇವಾ ತನಕ ಸರಪಳಿ ತುಂಡಾಗಿಲ್ಲ.

ಮೇಜಿ ಶಕೆಗಿಂತ ಮುಂಚೆ, ಅಂದರೆ 1868ಕ್ಕಿಂತ ಮುಂಚೆ, ಒಬ್ಬ ಚಕ್ರವರ್ತಿಗೆ ಒಂದೇ ಶಕೆ ಅನ್ನುವ ನಿಯಮ ಇರಲಿಲ್ಲ. ಬಿಳಿ ಆಮೆ ಸಿಕ್ಕಿತು, ಹೆಸರು ಬದಲಿಸಿ. ತಾಮ್ರ ಸಿಕ್ಕಿತು, ಬದಲಿಸಿ. ಬಣ್ಣದ ಮೋಡ ಕಂಡಿತು, ಬದಲಿಸಿ. ಆಮೇಲಿನ ಶತಮಾನಗಳಲ್ಲಿ ಬೆಂಕಿ, ಭೂಕಂಪ, ಸಾಂಕ್ರಾಮಿಕ ರೋಗ ಬಂದಾಗಲೂ ಬದಲಿಸಿದರು, ಹೆಸರು ಬದಲಾದರೆ ಗ್ರಹಚಾರವೂ ಬದಲಾಗಲಿ ಅಂತ. ಹಾಗಾಗಿ ಮೊದಲ ಹೆಜ್ಜೆ: ಶಕೆಯ ಹೆಸರು ಕಂಡ ತಕ್ಷಣ ವರ್ಷದ ಅಂಕಿಗೆ ಕೈಹಾಕಬೇಡಿ. ಹೆಸರು ಯಾಕೆ ಬಂತು ಅಂತ ಕೇಳಿ. ಅದು ಗೊತ್ತಾದರೆ ಯಾವ ದಿನ ಶುರು, ಯಾವ ದಿನ ಮುಗಿತು ಅನ್ನುವುದು ತಾನಾಗಿಯೇ ತಲೆಯಲ್ಲಿ ನಿಲ್ಲುತ್ತದೆ.

ತೆಂಪ್ಯೋ-ಕಂಪೋ ಯಾಕೆ ಬಂತು? ಚಿನ್ನಕ್ಕಾಗಿ.

743ರಲ್ಲಿ ಶೋಮು ಒಂದು ದೊಡ್ಡ ಬುದ್ಧನನ್ನು ಎರಕ ಹೊಯ್ಯಿಸುವ ಅಪ್ಪಣೆ ಹೊರಡಿಸಿದರು. ಅದಕ್ಕೆ ಕೆಲವೇ ವರ್ಷ ಮುಂಚೆ, 735ರಿಂದ 737ರವರೆಗೆ, ಸಿಡುಬು ದೇಶವನ್ನೇ ಹಿಂಡಿತ್ತು. ಅರಮನೆಯಲ್ಲಿ ಅಧಿಕಾರ ನಡೆಸುತ್ತಿದ್ದ ನಾಲ್ವರು ಫುಜಿವಾರಾ ಅಣ್ಣತಮ್ಮಂದಿರೂ ಅದರಲ್ಲೇ ಹೋದರು. 740ರಲ್ಲಿ ಒಂದು ದಂಗೆ. ಶೋಮು ರಾಜಧಾನಿಯನ್ನು ಅಲ್ಲಿಂದಿಲ್ಲಿಗೆ ಬದಲಿಸುತ್ತಾ ಅಲೆದರು. ಕೊನೆಗೆ ನಾರಾಕ್ಕೆ ಮರಳಿ ತೋದಾಯ್‌ಜಿ ದೇವಾಲಯದಲ್ಲಿ 747ರಿಂದ ಎರಕದ ಕೆಲಸ ಶುರುವಾಯಿತು. ಸುಮಾರು 15 ಮೀಟರ್ ಎತ್ತರದ ಕೂತ ಬುದ್ಧ. ಒಂದೇ ಸಲಕ್ಕೆ ಹೊಯ್ಯಲು ಸಾಧ್ಯವಿಲ್ಲ, ಕೆಳಗಿನಿಂದ ಮೇಲಕ್ಕೆ ಎಂಟು ಹಂತದಲ್ಲಿ ಹೊಯ್ದರು. ತಾಮ್ರ ಇತ್ತು. ಮೇಲೆ ಲೇಪಿಸಲು ಚಿನ್ನ ಇರಲಿಲ್ಲ. ಜಪಾನಿನ ನೆಲದಲ್ಲಿ ಚಿನ್ನವೇ ಇಲ್ಲ ಅಂತ ಆಗ ನಂಬಿದ್ದರು, ಬೇಕಾದರೆ ಸಮುದ್ರ ದಾಟಿ ತರಿಸಬೇಕು. (701ರಲ್ಲಿ ತ್ಸುಶಿಮಾ ದ್ವೀಪದಲ್ಲಿ ಚಿನ್ನ ಸಿಕ್ಕಿತು ಅಂತ ಸಂಭ್ರಮಪಟ್ಟು "ಮಹಾ ನಿಧಿ" ಎಂಬರ್ಥದ ತಾಯ್ಹೋ ಹೆಸರಿಟ್ಟಿದ್ದರು. ಆಮೇಲೆ ನೋಡಿದರೆ ಅದು ಮೋಸ. ಆದರೂ ಹೆಸರು ಹೆಸರೇ ಆಗಿ ಉಳಿಯಿತು, ದೇಶದ ದೊಡ್ಡ ಕಾನೂನು ಸಂಹಿತೆಗೂ ಅದೇ ಹೆಸರು ಬಂತು.)

749ರ ಎರಡನೇ ತಿಂಗಳಲ್ಲಿ ಈಶಾನ್ಯದ ಗಡಿನಾಡು ಮುತ್ಸುವಿನಿಂದ ಸುದ್ದಿ ಬಂತು: ಇಲ್ಲಿ ಚಿನ್ನ ಸಿಕ್ಕಿದೆ. ಈಗಿನ ಮಿಯಾಗಿ ಪ್ರಾಂತ್ಯದ ವಾಕುಯಾ ಅನ್ನುವ ಊರು ಅದು. ಗಣಿ ಅಗೆದದ್ದಲ್ಲ, ಹೊಳೆಯ ಮರಳು ಜಾಲಿಸಿ ತೆಗೆದದ್ದು. ಅಲ್ಲಿಯ ಅಧಿಕಾರಿ ಕುದಾರಾ ನೊ ಕೊನಿಕಿಶಿ ಕ್ಯೋಫುಕು. ಕೊರಿಯಾದಲ್ಲಿ 660ರಲ್ಲಿ ಬಿದ್ದುಹೋದ ಬೇಕ್ಜೆ ರಾಜ್ಯದ ಕೊನೆಯ ರಾಜನ ವಂಶದವರು. ಅವರು 900 ರ್ಯೋ ಚಿನ್ನ ಒಪ್ಪಿಸಿದರು, ಇವತ್ತಿನ ತೂಕದಲ್ಲಿ ಸುಮಾರು 13 ಕಿಲೋ. ಅವರಿಗೆ ಸಿಕ್ಕ ಬಡ್ತಿ ನೋಡಿದರೆ ನಗು ಬರುತ್ತದೆ, ಒಂದೇ ಏಟಿಗೆ ಏಳು ಮೆಟ್ಟಿಲು.

ನಾಲ್ಕನೇ ತಿಂಗಳ ಮೊದಲ ದಿನ ಶೋಮು ಇನ್ನೂ ಮುಗಿಯದ ಬುದ್ಧನ ಮುಂದೆ ಹೋಗಿ, ತಾನು ಬುದ್ಧ, ಧರ್ಮ, ಸಂಘ ಈ ಮೂರು ರತ್ನಗಳ ಸೇವಕ ಎಂದು ಹೇಳಿಸಿದರು. ಸೇವಕ ಅಂತ ನಾನು ಮೆದು ಮಾಡಿ ಬರೆದೆ, ಅಲ್ಲಿರುವ ಪದ ಜೀತದಾಳು. ಚಕ್ರವರ್ತಿ ಉತ್ತರಕ್ಕೆ ಮುಖ ಮಾಡಿ, ಅಂದರೆ ಪ್ರಜೆಯ ಜಾಗದಲ್ಲಿ, ನಿಂತಿದ್ದರು. ಹದಿನಾಲ್ಕನೇ ದಿನ ಶಕೆಯ ಹೆಸರು ಬದಲಾಯಿತು. ಹಳೇ ತೆಂಪ್ಯೋಗೆ "ಕಂಪೋ" ಸೇರಿಸಿದರು. ಕನ್ ಅಂದರೆ ಮನಸ್ಸು ಕರಗುವುದು, ಮೊರೆಗೆ ಓಗೊಡುವುದು. ಹೋ ಅಂದರೆ ನಿಧಿ. ಮೊರೆ ಕೇಳಿ ಕರಗಿ ಕೊಟ್ಟ ನಿಧಿ ಅಂತ ಇಟ್ಟುಕೊಳ್ಳಿ.

ಏಳನೇ ತಿಂಗಳ ಎರಡನೇ ದಿನ ಶೋಮು ಮಗಳಿಗೆ ಪಟ್ಟ ಬಿಟ್ಟುಕೊಟ್ಟರು. ಮಗಳು ಕೋಕೆನ್. ಅದೇ ದಿನ ಶಕೆ ಮತ್ತೆ ಬದಲು: ತೆಂಪ್ಯೋ-ಶೋಹೋ. ಕಂಪೋ ಅಲ್ಲಿಗೆ ಮುಗಿಯಿತು.

ಕಥೆ ಗೊತ್ತಾಯಿತಲ್ವಾ, ಈಗ ಲೆಕ್ಕ. 749ನೇ ಇಸವಿಗೆ ಮೂರು ಹೆಸರುಗಳಿವೆ. ನಾಲ್ಕನೇ ತಿಂಗಳ 13ರವರೆಗೆ ತೆಂಪ್ಯೋ 21. 14ರಿಂದ ತೆಂಪ್ಯೋ-ಕಂಪೋ 1. ಏಳನೇ ತಿಂಗಳ 2ರಿಂದ ತೆಂಪ್ಯೋ-ಶೋಹೋ 1. ಒಂದೇ ವರ್ಷದಲ್ಲಿ ಎರಡು "ಮೊದಲ ವರ್ಷ". ಅನೇಕ ಪಟ್ಟಿಗಳು ಜಾಗ ಉಳಿಸಲು ನಡುವಿನದನ್ನು ಬಿಟ್ಟು ತೆಂಪ್ಯೋದಿಂದ ಸೀದಾ ಶೋಹೋಗೆ ಹಾರುತ್ತವೆ. ನನ್ನ ಪಟ್ಟಿಯಲ್ಲಿ ಹೆಸರು ಸಿಗದೇ ಇದ್ದದ್ದು ಅದಕ್ಕೇ.

ಇಸವಿಗೆ ತರುವ ಸೂತ್ರ ತುಂಬಾ ಸುಲಭ: ಶಕೆ ಶುರುವಾದ ಇಸವಿಯಲ್ಲಿ ಒಂದು ಕಳೆದು, ಬಂದದ್ದಕ್ಕೆ ಶಕೆಯ ವರ್ಷ ಕೂಡಿಸಿ. ತೆಂಪ್ಯೋ 729ರಲ್ಲಿ ಶುರು, ಹಾಗಾಗಿ 728 ಕೂಡಿಸಿ. 21 ಕೂಡಿಸಿದರೆ 749, ಸರಿಯಾಯಿತು. ಕಂಪೋಗೆ 748, ಶೋಹೋಗೂ 748. ಅದರ ಮುಂದಿನ ತೆಂಪ್ಯೋ-ಹೋಜಿಗೆ 756, ತೆಂಪ್ಯೋ-ಜಿಂಗೋಗೆ 764, ಜಿಂಗೋ-ಕೇಯುನ್‌ಗೆ 766. ಈಗ ಜಪಾನಿನಲ್ಲಿ ಕೆಲಸ ಮಾಡುವವರು ರೇವಾ ವರ್ಷಕ್ಕೆ 2018 ಕೂಡಿಸುವುದೂ ಇದೇ ಸೂತ್ರ. ಜಪಾನಿ ಬರಹದಲ್ಲಿ ಮೊದಲ ವರ್ಷಕ್ಕೆ "1" ಅಂತ ಬರೆಯದೆ ಗನ್ನೆನ್ ಅಂತ ಬರೆಯುತ್ತಾರೆ, ಆದಿ ವರ್ಷ ಅನ್ನುವ ಅರ್ಥ. ಅಂಕಿ ಎಲ್ಲಿ ಹೋಯಿತು ಅಂತ ಹುಡುಕಬೇಡಿ.

ಅಂಕಿಯ ವಿಷಯಕ್ಕೆ ಬಂದರೆ ಇನ್ನೆರಡು ಮಾತು. ಹಳೇ ಕಾಗದಗಳಲ್ಲಿ 20ಕ್ಕೆ ಒಂದೇ ಅಕ್ಷರ ಇರುತ್ತದೆ, ಎರಡು ಕೂಡಿಸುವ ಗುರುತು ಕೈಕೈ ಹಿಡಿದು ನಿಂತ ಹಾಗೆ. ಮೂರು ನಿಂತಿದ್ದರೆ 30. ಸರ್ಕಾರಿ ಕಾಗದವಾದರೆ ಒಂದು, ಎರಡು, ಮೂರಕ್ಕೆ ಸುಲಭದ ಗೆರೆಗಳ ಬದಲು ಜಟಿಲವಾದ ಬೇರೆ ಅಕ್ಷರ ಹಾಕಿರುತ್ತಾರೆ. ನಾವು ಚೆಕ್‌ನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಕಾರಣವೇ ಅಲ್ಲಿಯೂ: ಒಂದು ಗೆರೆ ಎಳೆದು ಒಂದನ್ನು ಎರಡು ಮಾಡಬಾರದು.

ಈ ಸೂತ್ರ ಒಂದು ಕಡೆ ಕೈಕೊಡುತ್ತದೆ. ವರ್ಷದ ಕೊನೆಯಲ್ಲಿ. ಚೀನಾದ ಭಿಕ್ಷು ಗಂಜಿನ್, ಐದು ಸಲ ಸಮುದ್ರಯಾನ ಕೈಗೂಡದೆ, ಕಣ್ಣೂ ಕಳೆದುಕೊಂಡು, ಕೊನೆಗೆ ಜಪಾನಿನ ದಕ್ಷಿಣ ತೀರ ಮುಟ್ಟಿದ್ದು ತೆಂಪ್ಯೋ-ಶೋಹೋ 5, ಹನ್ನೆರಡನೇ ತಿಂಗಳ 20. ಐದಕ್ಕೆ 748 ಕೂಡಿಸಿದರೆ 753. ಆದರೆ ಆ ದಿನ ನಿಜವಾಗಿ 754ರ ಜನವರಿಯಲ್ಲಿ ಬೀಳುತ್ತದೆ. ಅದಕ್ಕೇ ಕೆಲವು ಕಡೆ 753 ಅಂತ, ಕೆಲವು ಕಡೆ 754 ಅಂತ ಕಾಣುತ್ತೀರಿ, ಇಬ್ಬರೂ ಜಗಳ ಆಡುತ್ತಿಲ್ಲ. ಹನ್ನೊಂದು, ಹನ್ನೆರಡನೇ ತಿಂಗಳ ತಾರೀಖು ಸಿಕ್ಕರೆ ಪರಿವರ್ತಿಸಿದ ಇಸವಿಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟುಕೊಳ್ಳಿ.

ಈಗ ತಿಂಗಳು. ಇಲ್ಲಿ ಪಂಚಾಂಗ ನೋಡಿ ಗೊತ್ತಿರುವ ಕನ್ನಡಿಗರಿಗೆ ಯುರೋಪಿನವರಿಗಿಂತ ಕೆಲಸ ಸುಲಭ, ನಿಜವಾಗಿ ಹೇಳುತ್ತೇನೆ. ಚೀನಾದಿಂದ ಬಂದ ಆ ಪಂಚಾಂಗವೂ ಚಂದ್ರನನ್ನೂ ಸೂರ್ಯನನ್ನೂ ಜೊತೆಗೇ ಹಿಡಿಯುತ್ತದೆ. ನಮ್ಮಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿಯುವ ಹಾಗೆ ಅಲ್ಲಿಯೂ ಅಮಾವಾಸ್ಯೆಯ ಲೆಕ್ಕದಿಂದಲೇ ತಿಂಗಳು ಶುರು. ಆದರೆ ಪಕ್ಷ ಇಲ್ಲ, ತಿಥಿಯ ಹೆಸರಿಲ್ಲ, 1ರಿಂದ 29 ಅಥವಾ 30ರವರೆಗೆ ಸುಮ್ನೆ ಎಣಿಸುತ್ತಾರೆ. ಹಾಗಾಗಿ ದಿನದ ಅಂಕಿ ನೋಡಿದರೆ ಆ ರಾತ್ರಿಯ ಚಂದ್ರ ಹೇಗಿದ್ದ ಅಂತ ಹೇಳಿಬಿಡಬಹುದು. ಶಕೆ ಬದಲಾದ 14ನೇ ದಿನ ಹುಣ್ಣಿಮೆಯ ಹಿಂದುಮುಂದು. ನಮ್ಮ ಅಪ್ಪಣೆಪತ್ರದ 20ನೇ ದಿನ, 15 ಕಳೆದರೆ 5, ಬಹುಳ ಪಂಚಮಿಯ ಸುತ್ತಮುತ್ತ. ಚಂದ್ರ ತಡವಾಗಿ ಹುಟ್ಟುವ ರಾತ್ರಿ.

ತಿಂಗಳ ಅಂಕಿಯನ್ನು ಮಾತ್ರ ಜನವರಿಯಿಂದಲೂ ಎಣಿಸಬೇಡಿ, ಚೈತ್ರದಿಂದಲೂ ಎಣಿಸಬೇಡಿ. ಅವರ ವರ್ಷ ನಮ್ಮ ಯುಗಾದಿಗಿಂತ ಒಂದೆರಡು ತಿಂಗಳು ಮುಂಚೆ ಶುರುವಾಗುತ್ತದೆ, ಜನವರಿ ಒಂದಕ್ಕಿಂತ ತಡವಾಗಿ. ಅಂದಾಜಿಗೆ ಅಂಕಿಗೆ ಒಂದು ತಿಂಗಳು ಸೇರಿಸಿ ಹಿಡಿಯಬಹುದು, ಆದರೆ ಅಂದಾಜು ಅಂದಾಜೇ. 749ರಲ್ಲಿ ನಾಲ್ಕನೇ ತಿಂಗಳ ಮೊದಲ ದಿನ ಏಪ್ರಿಲ್ 21ಕ್ಕೇ ಬಂದಿತ್ತು.

ಯಾಕೆ ಅಷ್ಟು ಬೇಗ ಬಂತು? ಅದೇ ವರ್ಷ ಅಧಿಕ ಮಾಸ ಬರಬೇಕಾಗಿತ್ತು. ಇಲ್ಲಿಗೆ "ಉರೂ" ಅಂದರೆ ಏನು ಅಂತ ಗೊತ್ತಾಯಿತು: ಅಧಿಕ. ಉರೂ ಐದನೇ ತಿಂಗಳು ಅಂದರೆ ಅಧಿಕ ಐದನೇ ತಿಂಗಳು. ಅಧಿಕ ಮಾಸ ಹುಟ್ಟುವ ತರ್ಕವೂ ಎರಡೂ ಕಡೆ ಒಂದೇ ಥರ. ನಮ್ಮಲ್ಲಿ ಸಂಕ್ರಾಂತಿ ಇಲ್ಲದ ಚಾಂದ್ರಮಾಸ ಅಧಿಕ. ಅಲ್ಲಿ ಸೂರ್ಯನ ಹಾದಿಯನ್ನು ಹನ್ನೆರಡು ಬಿಂದುಗಳಾಗಿ ಗುರುತಿಸಿದ್ದಾರೆ, ಅಂಥ ಬಿಂದು ಒಂದೂ ಬೀಳದ ತಿಂಗಳು ಉರೂ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ, ಮತ್ತು ಇಲ್ಲೇ ನಮ್ಮವರು ಎಡವುವುದು. ನಮ್ಮಲ್ಲಿ ಅಧಿಕ ಆಷಾಢ ಮೊದಲು, ನಿಜ ಆಷಾಢ ಆಮೇಲೆ. ಜಪಾನಿನಲ್ಲಿ ನಿಜವಾದ ಐದನೇ ತಿಂಗಳು ಮೊದಲು, ಉರೂ ಐದು ಆಮೇಲೆ. ಅವರು ಮುಗಿದ ತಿಂಗಳ ಹೆಸರನ್ನೇ ಮತ್ತೆ ಹಾಕುತ್ತಾರೆ, ನಾವು ಬರುವ ತಿಂಗಳ ಹೆಸರನ್ನು ಮುಂಗಡವಾಗಿ ಹಾಕುತ್ತೇವೆ. ಇದನ್ನು ಮರೆತರೆ ಒಂದು ಇಡೀ ತಿಂಗಳು ಹಿಂದೆ ಬೀಳುತ್ತೀರಿ.

ಹಾಗಾದರೆ ಶಕೆಯ ಆಯುಷ್ಯ: ನಾಲ್ಕನೇ ತಿಂಗಳ ಅರ್ಧ, ಐದು, ಉರೂ ಐದು, ಆರು, ಮತ್ತು ಏಳನೇ ತಿಂಗಳ ಒಂದೇ ಒಂದು ದಿನ. ನಮ್ಮ ಅಪ್ಪಣೆಪತ್ರದ ಉರೂ ಐದು, 20ನೇ ದಿನ ಜುಲೈ ಎರಡನೇ ವಾರಕ್ಕೆ ಬೀಳುತ್ತದೆ. ಮೇ ಎಲ್ಲಿ, ಜುಲೈ ಎಲ್ಲಿ.

ನಿಖರವಾದ ದಿನ ಬೇಕು ಅಂದರೆ ಕೈಲೆಕ್ಕ ಬಿಟ್ಟು ಪರಿವರ್ತಕ ಬಳಸಿ, ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ. ಆದರೆ ನಂಬುವ ಮುಂಚೆ ಪರೀಕ್ಷೆ ಮಾಡಿ. ಕಂಪೋ 1, ನಾಲ್ಕನೇ ತಿಂಗಳು, 14 ಅಂತ ಹಾಕಿ. 749 ಮೇ 4 ಅಂತ ಬಂದರೆ ಅದು ಜೂಲಿಯನ್, ಅಂದರೆ ಯುರೋಪಿನ ಹಳೇ ಕ್ಯಾಲೆಂಡರಿನ, ಲೆಕ್ಕ ಕೊಡುತ್ತಿದೆ, ಇತಿಹಾಸಕಾರರು ಸಾಮಾನ್ಯವಾಗಿ ಬಳಸುವುದು ಇದನ್ನೇ. ಮೇ 8 ಅಂತ ಬಂದರೆ ಗ್ರೆಗೋರಿಯನ್, ಅಂದರೆ ನಾವು ಈಗ ಬಳಸುವ ಕ್ಯಾಲೆಂಡರ್, ಎಂಟನೇ ಶತಮಾನದಲ್ಲಿ ಎರಡಕ್ಕೂ ನಾಲ್ಕು ದಿನ ಅಂತರ. ಎರಡೂ ಸರಿಯೇ, ಯಾವುದು ಅಂತ ಬರೆದುಕೊಂಡರೆ ಸಾಕು. ಏಪ್ರಿಲ್ 14 ಅಂತ ಬಂದರೆ ಆ ಪುಟ ಮುಚ್ಚಿ. ಕಂಪೋ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ತೆಂಪ್ಯೋ 21 ಅಂತ ಹಾಕಿ ನೋಡಿ, ಅದೇ ವರ್ಷ ತಾನೇ. ಮಾಡಿದ್ದನ್ನು ಅಂಚಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ನಿಮ್ಮ ಟಿಪ್ಪಣಿ ನಿಮಗೇ ಅರ್ಥವಾಗುವುದಿಲ್ಲ.

ಹೆಸರು ಹುಡುಕುವಾಗಲೂ ಹುಷಾರು. ಬರೀ ಕಂಪೋ ಅಂತ ಹುಡುಕಿದರೆ 1741ರಲ್ಲಿ ಶುರುವಾದ ಇನ್ನೊಂದು ಶಕೆ ಸಿಗುತ್ತದೆ, ಉಚ್ಚಾರಣೆ ಒಂದೇ, ಅಕ್ಷರ ಬೇರೆ. ತೆಂಪೋ ಅನ್ನುವುದು 1830ರದು, ತೆಂಪ್ಯೋಗೂ ಅದಕ್ಕೂ ಸಾವಿರ ವರ್ಷದ ದೂರ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವುದಾದರೆ ಎನ್ ಹಾಕಿ ಒಮ್ಮೆ, ಎಂ ಹಾಕಿ ಒಮ್ಮೆ ನೋಡಿ, ಎರಡೂ ಬರೆಯುತ್ತಾರೆ. ಇನ್ನು ಮ್ಯೂಸಿಯಂ ಚೀಟಿಯಲ್ಲಿ ಬರೀ "ತೆಂಪ್ಯೋ" ಅಥವಾ "ತೆಂಪ್ಯೋ ಸಂಸ್ಕೃತಿ" ಅಂತ ಇದ್ದರೆ ಅದು ತಾರೀಖೇ ಅಲ್ಲ. ಎಂಟನೇ ಶತಮಾನದ ನಾರಾ ಕಲೆಗೆಲ್ಲ ಹಚ್ಚುವ ಹೆಸರು ಅದು, ನಾವು ಹೊಯ್ಸಳ ಶೈಲಿ ಅನ್ನುವ ಹಾಗೆ.

ಚೀನೀ ಲಿಪಿಯಲ್ಲಿ ನಾಲ್ಕು ಅಕ್ಷರ ಬರುವ ಶಕೆಯ ಹೆಸರುಗಳು ಜಪಾನಿನ ಇತಿಹಾಸದಲ್ಲಿ ಐದೇ ಐದು, ಅದಕ್ಕೆ ಕಂಪೋವೇ ಮೊದಲು. 749ರಿಂದ 770ರವರೆಗೆ ಸಾಲಾಗಿ ಬಂದು ನಿಂತುಹೋದವು. ಚೀನಾದಲ್ಲಿ ಸಾಮ್ರಾಜ್ಞಿ ವು ಝೆಟಿಯನ್ ಇಂಥ ಉದ್ದ ಹೆಸರುಗಳನ್ನು ಆಗಲೇ ಬಳಸಿದ್ದರು. ಹಾಗಾಗಿ ನಾಲ್ಕಕ್ಷರ ಕಂಡರೆ ಕಣ್ಣುಮುಚ್ಚಿ ಆ 21 ವರ್ಷದೊಳಗೆ ಅಂತ ಹೇಳಿ. ಅದೇ ಕಾಲದ ಇನ್ನೊಂದು ವಿಚಿತ್ರ: 755ರಿಂದ 757ರ ಮಧ್ಯದವರೆಗೆ "ವರ್ಷ" ಅನ್ನುವ ಅಕ್ಷರವನ್ನೇ ಬದಲಿಸಿ ಅದೇ ಅರ್ಥದ ಬೇರೆ ಅಕ್ಷರ ಹಾಕಿದರು, ಚೀನಾದ ಅರಮನೆ ಕೆಲವು ವರ್ಷ ಮುಂಚೆ ಹಾಗೆ ಮಾಡಿತ್ತು ಅಂತ. ಶೋಹೋ 7, 8, 9ರ ಕಾಗದದಲ್ಲಿ ಅದು ಕಂಡರೆ ಗಾಬರಿ ಬೇಡ.

ಇಷ್ಟಾದ ಮೇಲೆ ತಾಳೆ ನೋಡುವುದು. ನಮ್ಮ ಪ್ರಭವ, ವಿಭವ ಹಾಗೆ ಅವರಿಗೂ 60ರ ಚಕ್ರ ಇದೆ, ಎತೋ ಅನ್ನುತ್ತಾರೆ. ಹತ್ತು ಹೆಸರಿನ ಒಂದು ಸಾಲು, ಹನ್ನೆರಡು ಪ್ರಾಣಿಗಳ ಒಂದು ಸಾಲು, ಎರಡನ್ನೂ ಜೋಡಿಸಿ 60. ಹತ್ತರ ಸಾಲಿಗೆ ಇಸವಿಯ ಕೊನೆಯ ಅಂಕಿ ನೋಡಿದರೆ ಸಾಕು: 9 ಬಂದರೆ ತ್ಸುಚಿನೊತೊ, ಮಣ್ಣಿನ ತಮ್ಮ. ಪ್ರಾಣಿಗೆ 12ರಿಂದ ಭಾಗಿಸಿ: ಶೇಷ 4 ಬಂದರೆ ಇಲಿ, 5 ಬಂದರೆ ಎತ್ತು. 749ಕ್ಕೆ ಶೇಷ 5. ಹಾಗಾಗಿ ಮಣ್ಣಿನ ಎತ್ತಿನ ವರ್ಷ, 2009 ಇದ್ದ ಹಾಗೆಯೇ. ಕಾಗದದಲ್ಲಿ ಎತೋ ಬರೆದಿದ್ದು ಅದು ಹೊಂದದಿದ್ದರೆ ನಿಮ್ಮ ಲೆಕ್ಕ ತಪ್ಪು, ಅಥವಾ ಕಾಗದದ್ದೇ ತಪ್ಪು.

ಈ ಚಕ್ರ ವರ್ಷಕ್ಕೆ ಮಾತ್ರ ಅಲ್ಲ, ದಿನಕ್ಕೂ ಇದೆ, ಮತ್ತು ನನಗೆ ಅದೇ ಜಾಸ್ತಿ ಇಷ್ಟ. ಆ ಕಾಲದ ಅಧಿಕೃತ ಇತಿಹಾಸ ಶೋಕು ನಿಹೊಂಗಿ ದಿನಗಳನ್ನು ಅಂಕಿಯಲ್ಲಿ ಹೇಳದೆ ಈ ಹೆಸರಿನಲ್ಲೇ ಹೇಳುತ್ತದೆ. ಶೋಮು ಬುದ್ಧನ ಮುಂದೆ ನಿಂತ ನಾಲ್ಕನೇ ತಿಂಗಳ 1 ಕಿನೊಎ-ಉಮಾ, ಮರದ ಅಣ್ಣ ಕುದುರೆ. ಪಟ್ಟ ಬಿಟ್ಟ ಏಳನೇ ತಿಂಗಳ 2 ಕೂಡ ಕಿನೊಎ-ಉಮಾ. ಅಂದರೆ ಎರಡರ ನಡುವೆ 60ರ ಪಟ್ಟು ದಿನಗಳು. 60 ಆಗುವುದಿಲ್ಲ, ಮೂರು ತಿಂಗಳ ಮೇಲಾಗಿದೆ. 180 ತುಂಬಾ ಜಾಸ್ತಿ. ಹಾಗಾಗಿ 120. ಅದರಲ್ಲಿ ಮೊದಲ 13 ದಿನ ತೆಂಪ್ಯೋ 21ರದ್ದು. ಉಳಿದದ್ದು 107. ಮೇ 4ರಿಂದ ಆಗಸ್ಟ್ 19, ಜೂಲಿಯನ್ ಲೆಕ್ಕದಲ್ಲಿ ಎಣಿಸಿ ನೋಡಿ, 107ನೇ ದಿನಕ್ಕೆ ಸರಿಯಾಗಿ ಬರುತ್ತದೆ. ಯಾವ ಪರಿವರ್ತಕವೂ ಇಲ್ಲದೆ.

ಕೊನೆಯ ಪರೀಕ್ಷೆ, ಇರಲಾರದ ತಾರೀಖುಗಳು. ಕಂಪೋ 2 ಅಂತ ಎಲ್ಲಾದರೂ ಕಂಡರೆ ಅದು ತಪ್ಪು, ಚರ್ಚೆಯೇ ಇಲ್ಲ. ಶೋಹೋ 1, ಮೂರನೇ ತಿಂಗಳು ಅಂತ ಕಂಡರೆ ಅದನ್ನು ಆ ದಿನವೇ ಬರೆದಿರಲು ಸಾಧ್ಯವಿಲ್ಲ, ಆಗ ಆ ಹೆಸರು ಹುಟ್ಟಿರಲೇ ಇಲ್ಲ. ಆದರೆ ತಕ್ಷಣ ನಕಲಿ ಅಂತ ಕೂಗಬೇಡಿ. ಆಮೇಲೆ ಬರೆದವರು ಇಡೀ ವರ್ಷಕ್ಕೆ ಕೊನೆಯ ಹೆಸರನ್ನೇ ಹಚ್ಚುವುದು ಮಾಮೂಲು. ಮೂಲ ಕಾಗದವೇ ಅಂತ ಹೇಳಿ ತೋರಿಸಿದರೆ ಮಾತ್ರ ಅನುಮಾನ ಪಡಿ. ನಮ್ಮ ಕಾಲದ ಉದಾಹರಣೆ ಬೇಕಾದರೆ ಶೋವಾ 64: 1989ರ ಜನವರಿಯಲ್ಲಿ ಏಳೇ ದಿನ ಇದ್ದ ವರ್ಷ. ಆ ವರ್ಷ ಹಾಕಿದ ನಾಣ್ಯಗಳಿವೆ, ನಿಜವಾದವೇ. ಅದೇ ವರ್ಷದ ಫೆಬ್ರವರಿ ಅಂತ ಮಾತ್ರ ಇರಲಾರದು.

ಈಗ ನಮ್ಮ ಅಪ್ಪಣೆಪತ್ರಕ್ಕೆ ವಾಪಸ್ ಹೋಗೋಣ, ಯಾಕೆಂದರೆ ತಾರೀಖು ಬಿಡಿಸಿದ ಮೇಲೆಯೇ ಅದರ ಸ್ವಾರಸ್ಯ ಕಾಣುವುದು. ಅದರಲ್ಲಿ ಶೋಮು ತಮ್ಮನ್ನು ಕರೆದುಕೊಂಡಿರುವುದು "ಪಟ್ಟ ಬಿಟ್ಟ ಚಕ್ರವರ್ತಿ, ಶ್ರಾಮಣೇರ ಶೋಮಾನ್" ಎಂದು. ಶ್ರಾಮಣೇರ ಅಂದರೆ ಆಗಷ್ಟೇ ದೀಕ್ಷೆ ಪಡೆದ ಎಳೆಯ ಭಿಕ್ಷು. ಆದರೆ ಪಟ್ಟ ಬಿಟ್ಟದ್ದು ಏಳನೇ ತಿಂಗಳ 2. ಪತ್ರದ ತಾರೀಖು ಅದಕ್ಕಿಂತ ಸುಮಾರು 40 ದಿನ ಹಿಂದೆ! ತಾರೀಖನ್ನು ಆಗಸ್ಟ್ ಕೊನೆ ಅಂತ ತಪ್ಪಾಗಿ ಓದಿದರೆ ಈ ಗಂಟೇ ಕಣ್ಣಿಗೆ ಬೀಳುವುದಿಲ್ಲ. ನನ್ನ ಓದು ಇಷ್ಟು: ಮನಸ್ಸಿನಲ್ಲಿ ಅವರು ಆಗಲೇ ಸಿಂಹಾಸನದಿಂದ ಇಳಿದಾಗಿತ್ತು, ಸಮಾರಂಭ ಮಾತ್ರ ಬಾಕಿ ಇತ್ತು. ಬುದ್ಧನ ಮುಂದೆ ಜೀತದಾಳು ಅಂತ ಹೇಳಿಕೊಂಡವರಿಗೆ ಇದು ದೊಡ್ಡ ಮಾತೇನಲ್ಲ.

ಅಭ್ಯಾಸಕ್ಕೆ ಎರಡು ತಾರೀಖು ಕೊಡುತ್ತೇನೆ. ಮೊದಲನೆಯದು ಸುಲಭ: ತೆಂಪ್ಯೋ-ಶೋಹೋ 4, ನಾಲ್ಕನೇ ತಿಂಗಳು, 9. ನಾಲ್ಕಕ್ಕೆ 748 ಕೂಡಿಸಿ, 752. ದೊಡ್ಡ ಬುದ್ಧನಿಗೆ ಕಣ್ಣು ತೆರೆಸಿದ ದಿನ. ಕುಂಚ ಹಿಡಿದು ಕಣ್ಣು ಬರೆದವರು ಬೋಧಿಸೇನ, 736ರಲ್ಲಿ ಜಪಾನಿಗೆ ಬಂದ ಭಾರತದ ಭಿಕ್ಷು, ದಕ್ಷಿಣ ಭಾರತದವರು ಅಂತ ಅಲ್ಲಿಯ ದಾಖಲೆ ಹೇಳುತ್ತದೆ. ಕುಂಚಕ್ಕೆ ಉದ್ದನೆ ದಾರ ಕಟ್ಟಿ, ಸೇರಿದ್ದವರು ಅದನ್ನು ಹಿಡಿದು ಪುಣ್ಯ ಹಂಚಿಕೊಂಡರು. ಆ ಕುಂಚ, ಆ ದಾರ ಎರಡೂ ನಾರಾದ ಶೋಸೋಇನ್ ಉಗ್ರಾಣದಲ್ಲಿ ಉಳಿದಿವೆ.

ಎರಡನೆಯದು ಕಂಪೋದ್ದೇ. ಓತೋಮೊ ನೊ ಯಾಕಮೊಚಿ ಎಂಬ ಕವಿ ಆಗ ಎಚ್ಚು ಪ್ರಾಂತ್ಯದ, ಈಗಿನ ತೊಯಾಮಾದ, ಅಧಿಕಾರಿ. ಚಿನ್ನದ ಸುದ್ದಿಯ ಅಪ್ಪಣೆ ತಲುಪಿ, ಐದನೇ ತಿಂಗಳ 12ರಂದು ಒಂದು ದೊಡ್ಡ ಕವಿತೆ ಬರೆದರು, ಮುತ್ಸುವಿನ ಬೆಟ್ಟದಲ್ಲಿ ಚಿನ್ನದ ಹೂ ಅರಳಿತು ಅಂತ. ಅದು ಮಾನ್‌ಯೋಶೂ ಸಂಕಲನದ ಹದಿನೆಂಟನೇ ಸಂಪುಟದಲ್ಲಿದೆ. ಅದೇ ಸಂಪುಟದಲ್ಲಿ, ಅದೇ ಶಕೆಯಲ್ಲಿ, ಇನ್ನೊಂದು ಟಿಪ್ಪಣಿ ಇದೆ: ಉರೂ ಐದನೇ ತಿಂಗಳ 6ರಿಂದ ಮಳೆ ಇಲ್ಲ, ರೈತರ ಗದ್ದೆ ಬಾಡುತ್ತಿದೆ, ಆರನೇ ತಿಂಗಳ 1ರಂದು ಮೋಡ ಕಾಣಿಸಿತು. ಎಷ್ಟು ದಿನ ಒಣಗಿತ್ತು ಅಂತ ಲೆಕ್ಕ ಹಾಕಿ. ಉರೂ ತಿಂಗಳು 29 ದಿನದ್ದಾದರೆ 24, 30 ದಿನದ್ದಾದರೆ 25. ನಮ್ಮ ತಿಂಗಳಲ್ಲಿ ಜೂನ್ ಕೊನೆಯ ವಾರದಿಂದ ಜುಲೈ 20ರ ಹತ್ತಿರದವರೆಗೆ, ನಾಟಿ ಮಾಡಿದ ಗದ್ದೆಗೆ ನೀರು ಬೇಕೇ ಬೇಕಾದ ಹೊತ್ತು. ಯಾಕಮೊಚಿ ಮೋಡ ನೋಡಿ ಒಂದು ಕವಿತೆ ಬರೆದರು. ಅದರ ಮುಂದಿನ ಕವಿತೆಯ ತಾರೀಖು ಅದೇ ತಿಂಗಳ 4, ವಿಷಯ ಮಳೆ ಬಂದ ಸಂತೋಷ. ಶಕೆ ಮುಗಿಯಲು ಆಗ ಇನ್ನೂ ನಾಲ್ಕು ವಾರ ಇತ್ತು.